ಮಾಳಿಗೆಯ ಮೇಲಿನ ಹಲ್ಲು

ಕೊಲ್ಹಾರದ ಶಂಕ್ರೆವ್ವನಿಗೆ ಈ ಜಗತ್ತಿನಲ್ಲಿ ಎರಡು ಸಂಗತಿ ಆಗಿಬರುತ್ತಿರಲಿಲ್ಲ. ಒಂದು, ಗಟ್ಟಿಯಾಗಿ ಹೆಪ್ಪು ಕೂರದ ಮೊಸರು. ಇನ್ನೊಂದು, ಹಲ್ಲು ತೋರಿಸಿ ನಗುವ ಹೆಂಗಸು. ಮೊದಲನೆಯದನ್ನು ಅವಳ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಎರಡನೆಯದು ಮಾತ್ರ ಹತ್ತು ವರ್ಷದ ಹಿಂದೆ ಹಲಸಂಗಿಯಿಂದ ಸೊಸೆಯಾಗಿ ಬಂದು ಅವಳ ಅಡುಗೆಮನೆಯಲ್ಲೇ ಠಿಕಾಣಿ ಹೂಡಿತ್ತು.

ಸೊಸೆ ಭುವನೇಶ್ವರಿಯದು ತುಟಿಯಂಚಿನ ನಗೆಯಲ್ಲ. ಹೊಟ್ಟೆಯಿಂದ ಎದ್ದು ಬಾಯಿ ತುಂಬ ಹರಡಿ, ಹಿತ್ತಲಲ್ಲಿ ಕಟ್ಟಿದ ಎಮ್ಮೆ ಮೇವು ಬಿಟ್ಟು ತಿರುಗಿ ನೋಡುವಂಥ ನಗೆ. ಮೇಲಿನ ಸಾಲಿನ ನಟ್ಟನಡುವಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಪಕ್ಕದ್ದರ ಮೇಲೆ ಒಂದಿಷ್ಟು ಏರಿ ಕೂತಿತ್ತು. ತವರಿನ ಬೋರಿನ ನೀರು ಕುಡಿದು ಬೆಳೆದ ಗುರುತಿಗೆ ಅದರ ಮೇಲೊಂದು ಕಂದು ಗೆರೆ. ಅವಳು ನಕ್ಕಾಗ ಎಲ್ಲಕ್ಕಿಂತ ಮೊದಲು ಕಾಣುತ್ತಿದ್ದದ್ದು ಆ ಹಲ್ಲೇ. ನಗುವುದಕ್ಕೆ ದೊಡ್ಡ ಕಾರಣವೂ ಬೇಕಿರಲಿಲ್ಲ. ಗಂಡ ಶ್ರೀಶೈಲ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಹೊಲಕ್ಕೆ ಹೊರಟರೆ ಸಾಕು, ಮಧ್ಯಾಹ್ನದವರೆಗೂ ನೆನೆನೆನೆದು ನಗುತ್ತಿದ್ದಳು.

"ಬಾಯಿ ಮುಚ್ಚಿ ನಗವಾ! ಮೂರು ಮನಿಗೆ ಕೇಳಾಕತ್ತೈತಿ," ಎಂದು ಶಂಕ್ರೆವ್ವ ಗದರುತ್ತಿದ್ದಳು. "ಹಲ್ಲ ಕಾಣಂಗ ನಗೂದು ಗರತೇರ ಲಕ್ಷಣ ಅಲ್ಲ."

"ಆತ್ರಿ ಅತ್ತಿ," ಎಂದು ಸೊಸೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಸೆರಗಿನ ಹಿಂದೆಯೂ ನಗುತ್ತಿದ್ದಳು. ಅತ್ತೆ ಬೈಯುತ್ತ, ಸೊಸೆ ನಗುತ್ತ, ಹೀಗೇ ಹತ್ತು ವರ್ಷ ನಡೆಯಿತು.

ಹಾಗಂತ ಶಂಕ್ರೆವ್ವ ಕೆಟ್ಟವಳಲ್ಲ. ಹಳೇ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗುವಾಗ ಮನೆಯ ತೊಲೆ, ಬಾಗಿಲು, ದೇವರ ಗೂಡು ಎಲ್ಲವನ್ನೂ ಬಂಡಿಯಲ್ಲಿ ಹೇರಿಸಿಕೊಂಡು ಬಂದು, ಹೊಸ ಊರಿನಲ್ಲಿ ಅದೇ ತೊಲೆಗಳ ಮೇಲೆ ಮತ್ತೆ ಮಣ್ಣಿನ ಮಾಳಿಗೆಯ ಸೂರು ಹಾಕಿಸಿದ ಗಟ್ಟಿಗಿತ್ತಿ. ಹೊಲದಲ್ಲಿ ಮುಕ್ಕಾಲು ಭಾಗ ನೀರಿಗೆ ಹೋದ ಮೇಲೆ ನಾಲ್ಕು ಎಮ್ಮೆ ಕಟ್ಟಿ, ಮಣ್ಣಿನ ಗಡಿಗೆಗಳಲ್ಲಿ ಮೊಸರು ಹೆಪ್ಪು ಹಾಕಿ ಮನೆತನ ನಡೆಸಿದವಳು. ಗಡಿಗೆ ಬೋರಲು ಹಿಡಿದರೂ ಬೀಳದ ಮೊಸರು ಅವಳದು. ಆದರೆ ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದದ್ದು ಸೊಸೆ. ಬಸ್ಸಿನ ಕಿಟಕಿಗೆ ಗಡಿಗೆ ಎತ್ತಿ ಹಿಡಿದು ಭುವನೇಶ್ವರಿ ಒಂದು ಮಾತು ಒಗೆದು ನಕ್ಕಳೆಂದರೆ, ಮೊಸರು ಮುಟ್ಟದವನೂ ಒಂದು ಗಡಿಗೆ ಕೊಳ್ಳುತ್ತಿದ್ದ. ಇದು ಶಂಕ್ರೆವ್ವನಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಎರಡು ಸಾವಿರದ ನಾಲ್ಕನೇ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಕರೆಂಟಿಲ್ಲದೆ ನಳ ಬರಲಿಲ್ಲವೆಂದು ಅತ್ತೆ ಸೊಸೆ ಇಬ್ಬರೂ ಕೊಡ ತಗೊಂಡು ಓಣಿಯ ಬೋರಿಂಗಿಗೆ ಹೋದರು. ಶಂಕ್ರೆವ್ವ ಬೋರಿಂಗಿನ ಹಿಡಿಕೆಗೆ ಮೈಭಾರ ಹಾಕಿ ಜಗ್ಗುತ್ತಿದ್ದಳು. ಭುವನೇಶ್ವರಿ ತಲೆಯ ಮೇಲಿಂದ ಜಾರಿ ಬಿದ್ದ ಸಿಂಬೆ ಎತ್ತಿಕೊಳ್ಳಲು ಅತ್ತೆಯ ಪಕ್ಕದಲ್ಲಿ ಹಿಡಿಕೆಯ ಮೇಲೇ ಬಗ್ಗಿದ್ದಳು. ಆಗ ನೆರೆಮನೆಯ ಬಿಬಿಜಾನ ದಾರಿಯಲ್ಲಿ ಹೋಗುತ್ತ, "ಶಂಕ್ರೆವ್ವಾ, ನಿಮ್ಮ ಎಮ್ಮಿ ಈತೇನ?" ಎಂದು ಕೇಳಿದಳು. ಎಮ್ಮೆ ಈದ ಸುದ್ದಿಯನ್ನು ಕೈ ಬೀಸದೆ ಹೇಳಲು ಶಂಕ್ರೆವ್ವನಿಗೆ ಬರುತ್ತಿರಲಿಲ್ಲ. ಹಿಡಿಕೆ ಬಿಟ್ಟಳು. ಬಿಟ್ಟ ಹಿಡಿಕೆ ಸರ್ರನೆ ಮೇಲಕ್ಕೆದ್ದು ಸೊಸೆಯ ಬಾಯಿಗೆ ಬಡಿಯಿತು.

ಭುವನೇಶ್ವರಿ ಅಂಗೈ ಬಾಯಿಗೆ ಒಡ್ಡಿದಳು. ರಕ್ತದ ನಡುವೆ ಹಲ್ಲು ಬಂದು ಅಂಗೈಯಲ್ಲಿ ಕೂತಿತು. ಮುರಿದ ಚೂರಲ್ಲ, ಬೇರು ಸಮೇತ ಇಡೀ ಹಲ್ಲು, ಕಂದು ಗೆರೆಯದೇ.

ಮನೆಗೆ ಬಂದು ಅರಿಷಿಣ ಒತ್ತಿ, ತಣ್ಣೀರು ಮುಕ್ಕಳಿಸಲು ಕೊಟ್ಟು, ಸೊಸೆಯನ್ನು ಮಲಗಿಸಿದ ಮೇಲೆ ಶಂಕ್ರೆವ್ವನ ಕೈಯಲ್ಲಿ ಆ ಹಲ್ಲು ಉಳಿಯಿತು. ಬಿದ್ದ ಹಲ್ಲನ್ನು ಏನು ಮಾಡಬೇಕೆಂದು ಆ ಕೈಗೆ ಗೊತ್ತಿತ್ತು. ತನ್ನ ನಾಲ್ಕು ಮಕ್ಕಳ ಹಾಲುಹಲ್ಲು, ಈಗ ಏಳು ವರ್ಷದ ಮೊಮ್ಮಗಳದ್ದು, ಎಲ್ಲವನ್ನೂ ಅದು ಹಾಗೇ ಮಾಡಿತ್ತು. ಕೊಟ್ಟಿಗೆಗೆ ಹೋಗಿ ಒಂದಿಷ್ಟು ಸಗಣಿ ತಗೊಂಡು, ಹಲ್ಲನ್ನು ಅದರಲ್ಲಿಟ್ಟು ಉಂಡೆ ಕಟ್ಟಿ, "ಹಳೇದ ತಗೋ, ಹೊಸದ ಕೊಡು," ಎಂದು ಮಾಳಿಗೆಯ ಮೇಲೆ ಒಗೆದುಬಿಟ್ಟಳು. ಮೂವತ್ತರ ಹೆಂಗಸಿಗೆ ಹೊಸ ಹಲ್ಲು ಹುಟ್ಟುವುದಿಲ್ಲ ಎನ್ನುವುದು ಒಗೆದು ಆದ ಮೇಲೆ ನೆನಪಾಯಿತು.

ಗಾಯ ಹದಿನೈದು ದಿನದಲ್ಲಿ ಮಾಯಿತು. ಅದರ ಜೊತೆ ನಗೆಯೂ ಮಾಯವಾಯಿತು. ಭುವನೇಶ್ವರಿ ಸೆರಗು ಬಾಯಿಗೆ ಹಿಡಿದಳೆಂದರೆ ಊಟದ ಹೊತ್ತಿಗಷ್ಟೇ ತೆಗೆಯುತ್ತಿದ್ದಳು, ಅದೂ ಗೋಡೆಗೆ ಮುಖ ಮಾಡಿ. ಸಂತೆಯಲ್ಲಿ ಕೊಡೆಯ ಕೆಳಗೆ ಕೂತು ಹಲ್ಲು ಕಟ್ಟುವ ಒಬ್ಬನ ಹತ್ತಿರ ಶ್ರೀಶೈಲ ಅವಳಿಗೊಂದು ಹಾಕಿ ತೆಗೆಯುವ ಹಲ್ಲು ಮಾಡಿಸಿ ತಂದ. ಸುಣ್ಣದಂತೆ ಬೆಳ್ಳಗಿತ್ತು. ಅದನ್ನು ಹಾಕಿಕೊಂಡು ಮೂರನೇ ದಿನ ಬಸ್ಸಿನ ಕಿಟಕಿಗೆ ಗಡಿಗೆ ಎತ್ತಿ "ಮೊಸರ್ರೀ" ಎಂದಳೋ ಇಲ್ಲವೋ, ಹಲ್ಲು ಜಾರಿ ಗಡಿಗೆಯೊಳಗೇ ಬಿತ್ತು. ಇಡೀ ಬಸ್ಸು ನಕ್ಕಿತು. ಅವತ್ತಿನವರೆಗೆ ಬಸ್ಸನ್ನು ನಗಿಸುತ್ತಿದ್ದವಳು ಗಡಿಗೆ ಅಲ್ಲೇ ಬಿಟ್ಟು ಮನೆಗೆ ಬಂದಳು. ಮರುದಿನದಿಂದ ಮೊಸರು ಮಾರಲು ಶಂಕ್ರೆವ್ವನೇ ಹೋಗಬೇಕಾಯಿತು.

ಮನೆ ತಣ್ಣಗಾಯಿತು. ಶ್ರೀಶೈಲ ಅಂಗಿಯನ್ನು ಉಲ್ಟಾ ತೊಟ್ಟರೆ ಯಾರೂ ಹೇಳುವವರಿಲ್ಲದೆ ಸಂಜೆತನಕ ಹಾಗೇ ಇರುತ್ತಿದ್ದ. "ಆಯಿ, ಅವ್ವಗ ಹೊಸ ಹಲ್ಲ ಯಾವಾಗ ಬರ್ತೈತಿ?" ಎಂದು ಮೊಮ್ಮಗಳು ದಿನಾ ಕೇಳುತ್ತಿದ್ದಳು. ಶಂಕ್ರೆವ್ವ ಎಮ್ಮೆಗೆ ಮೇವು ಹಾಕುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಹತ್ತು ವರ್ಷ ತಾನು ಬಾಯಿ ಮುಚ್ಚು, ಬಾಯಿ ಮುಚ್ಚು ಎಂದಳು. ಕಡೆಗೆ ತನ್ನ ಕೈಯೇ ಮುಚ್ಚಿಸಿತು. ಆ ನಗೆ ಮತ್ತೆ ಕಿವಿಗೆ ಬಿದ್ದರೆ ಸಾಕು, ತನಗೆ ಬೇರೆ ಏನೂ ಬೇಡ ಎನ್ನಿಸುತ್ತಿತ್ತು. ಆದರೆ ಅತ್ತೆ ಸೊಸೆಗೆ ತಪ್ಪಾಯಿತು ಎನ್ನುವ ಪದ್ಧತಿಯನ್ನು ಆ ಮನೆತನದಲ್ಲಿ ಯಾರೂ ಹಾಕಿಕೊಟ್ಟಿರಲಿಲ್ಲ. ಹಾಗಾಗಿ ಸೊಸೆಯ ತಟ್ಟೆಗೆ ಬೆಣ್ಣೆ ಹೆಚ್ಚು ಹಾಕುತ್ತಿದ್ದಳು.

ಯುಗಾದಿ ಮುಗಿದ ಮೇಲೆ ಬಿಬಿಜಾನ ಸುದ್ದಿ ತಂದಳು. ಅವತ್ತು ಎಮ್ಮೆಯ ಸುದ್ದಿ ಕೇಳಿದ ಪಾಪ ಅವಳನ್ನೂ ಕಾಡುತ್ತಿತ್ತು. "ಬಾಗೇವಾಡ್ಯಾಗ ಹೊಸಾ ಹಲ್ಲಿನ ಡಾಕ್ಟರ ಬಂದಾನಂತ. ಹುಡುಗ ಅದಾನ, ಖರೇ ಕೈ ಛಲೋ ಅಂತ. ಕರಕೊಂಡ ಹೋಗಿ ಬಾ."

ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕುರ್ಚಿ, ಒಂದು ಲೈಟು, ಗೋಡೆಗೆ ಬುದ್ಧನ ಚಿತ್ರ. ಡಾಕ್ಟರ್ ಪ್ರೇಮಕುಮಾರನ ದವಾಖಾನೆ ಅಷ್ಟೇ. ಶಂಕ್ರೆವ್ವ ಕೂರುವ ಮೊದಲೇ ತನ್ನ ಎಂದಿನ ಪ್ರಶ್ನೆ ಎಸೆದಳು. "ಯಾವೂರಪ್ಪಾ ನಿಂದು? ಯಾರ ಪೈಕಿ?"

"ಇಂಡಿ ಕಡೀಂದು ಆಯಿ. ನಮ್ಮಪ್ಪ ಭೀಮಶ್ಯಾ ಅಂತ, ಸಾಲಿ ಮಾಸ್ತರ."

ಹೆಸರು, ಗೋಡೆಯ ಮೇಲಿನ ಚಿತ್ರ ಎರಡನ್ನೂ ನೋಡಿ ಅವನು ದಲಿತರ ಕೇರಿಯ ಮನೆಯವನೆಂದು ಶಂಕ್ರೆವ್ವನಿಗೆ ತಿಳಿಯಿತು. ಅವಳ ಅತ್ತೆಯ ಕಾಲದಲ್ಲಿ ಆ ಮನೆಗಳವರಿಗೆ ಕೊಡ ಮುಟ್ಟಗೊಡದೆ ನೀರನ್ನು ಮೇಲಿಂದ ಹೊಯ್ಯುತ್ತಿದ್ದರು. ತಾನೂ ಹೊಯ್ದಿದ್ದಳು. ಈಗ ಅಂಥದೇ ಮನೆಯ ಹುಡುಗ ಮೆಲ್ಲಗೆ, ನೋವಾದೀತೆಂದು ಕೇಳಿ ಕೇಳಿ, ತನ್ನ ಸೊಸೆಯ ಬಾಯಿ ನೋಡುತ್ತಿದ್ದ. ಶಂಕ್ರೆವ್ವನಿಗೆ ನಾಚಿಕೆಯಾಯಿತು, ಅವನ ಬಗ್ಗೆಯಲ್ಲ, ತನ್ನ ಬಗ್ಗೆ.

"ಅಕ್ಕಾರ, ಒಂದು ದಾರಿ ಅಂದ್ರ, ಆಜೂಬಾಜೂ ಹಲ್ಲು ಎರಡೂ ಅರದು ಸಣ್ಣ ಮಾಡಿ, ಮೂರಕ್ಕೂ ಕೂಡಿ ಟೊಪಗಿ ಹಾಕಬಹುದು," ಎಂದ ಡಾಕ್ಟರ್.

ಭುವನೇಶ್ವರಿ ಸೆರಗಿನ ಹಿಂದಿನಿಂದಲೇ ತಲೆಯಾಡಿಸಿದಳು. "ಬ್ಯಾಡ್ರಿ. ಒಂದು ಹೋಗೇತಿ ಅಂತ ಇನ್ನೆರಡು ಕೆಡಸೂದ್ಯಾಕ್ರಿ?"

"ಹಂಗಾದ್ರ ಇನ್ನೊಂದೈತಿ." ಅವನು ಚಿಮಟಿಗೆಯಲ್ಲಿ ಒಂದು ಪಟ್ಟಿ ಎತ್ತಿ ತೋರಿಸಿದ. ಕುಪ್ಪಸದ ಅಂಚಿಗೆ ಹಚ್ಚುವ ಸಣ್ಣ ಲೇಸಿನಂತೆ, ಬೆಳ್ಳಗೆ, ಕಿರುಬೆರಳ ಉಗುರಿಗಿಂತ ಸಣ್ಣ ಅಗಲದ ಪಟ್ಟಿ. "ಇದು ಗಾಜಿನ ಎಳಿ. ಹಲ್ಲಿನ ಹಿಂದಿನ ಮಗ್ಗಲಿಗೆ, ಈ ಹಲ್ಲಿನಿಂದ ಆ ಹಲ್ಲಿಗೆ, ಹಲ್ಲಿನ ಬಣ್ಣದ್ದ ಒಂದು ಮಸಾಲಿಲೆ ಅಂಟಸ್ತೇನಿ. ಕಂಪೋಸಿಟ್ ಅಂತಾರ ಆ ಮಸಾಲಿಗೆ. ನೀಲಿ ಲೈಟ್ ಹಿಡದ್ರ ಕಲ್ಲಿನಂಗ ಆಗತೈತಿ. ನಡುವಿನ ಹಲ್ಲು ಅದಕ್ಕ ಆತು ನಿಲ್ಲತೈತಿ. ಮುಂದಿಂದ ಏನೂ ಕಾಣೂದಿಲ್ಲ, ಛಲೋ ಹಲ್ಲು ಅರಿಯೂದೂ ಇಲ್ಲ. ನಡುವಿನ ಹಲ್ಲನ್ನೂ ನಾನು ಕಂಪೋಸಿಟ್‌ನ್ಯಾಗ ಕಟ್ಟಬಹುದು. ಆದ್ರ ನಿಮ್ಮ ಹಲ್ಲು ಏರಿ ಕುಂತಿತ್ತಂತ, ಮ್ಯಾಲ ಗೆರಿ ಇತ್ತಂತ ಹೇಳ್ತೀರಿ. ನಾ ಎಷ್ಟ ಮಾಡಿದ್ರೂ ಅದರಂಗ ಆಗೂದಿಲ್ಲ. ಬಿದ್ದ ಹಲ್ಲು ಇದ್ದಿದ್ರ ಬೇರು ಕತ್ತರಿಸಿ ಅದನ್ನ ಕೂಡಸ್ತಿದ್ದೆ. ಎಲ್ಲೈತ್ರಿ ಅದು?"

ಭುವನೇಶ್ವರಿ ಅತ್ತೆಯ ಕಡೆ ನೋಡಿದಳು. ಶಂಕ್ರೆವ್ವ ಬುದ್ಧನ ಕಡೆ ನೋಡಿದಳು.

"ಮಾಳಗಿ ಮ್ಯಾಲ ಐತಿ," ಎಂದಳು ಕಡೆಗೆ.

ಡಾಕ್ಟರ್ ನಗಲಿಲ್ಲ. "ನಮ್ಮವ್ವನೂ ಎಲ್ಲಾ ಅಲ್ಲೇ ಒಗದಾಳ ಆಯಿ. ಸಿಕ್ರ ಕಾಸಿ ಆರಿಸಿದ ನೀರಾಗ ಹಾಕ್ಕೊಂಡು ತರ್ರಿ. ಸಿಗದಿದ್ರ ಹೊಸದು ಮಾಡೂನು."

ಮರುದಿನ ಬೆಳಗ್ಗೆ ಅರವತ್ತೆಂಟು ವರ್ಷದ ಶಂಕ್ರೆವ್ವ ಸೀರೆ ಎತ್ತಿ ಸಿಕ್ಕಿಸಿ ಏಣಿ ಹತ್ತಿದಳು. ಮಾಳಿಗೆಯ ತುಂಬ ಅವಳೇ ಸಗಣಿ ತಟ್ಟಿ ಒಣಹಾಕಿದ ಕುಳ್ಳುಗಳು. ಹಲ್ಲು ಒಗೆದ ಮೇಲೆ ಎಷ್ಟು ಸಲ ಇಲ್ಲಿಂದ ಕುಳ್ಳು ಇಳಿಸಿ ಒಲೆಗೆ ಹಾಕಿದ್ದಳೋ! ಆ ಉಂಡೆಯೂ ಹಾಗೆ ಒಲೆಗೆ ಹೋಗಿದ್ದರೆ? ಒಂದೊಂದೇ ಕುಳ್ಳು ಎತ್ತಿ ನೋಡಿದಳು. ಒಂದು ಒಣಗಿದ ಉಂಡೆ ಸಿಕ್ಕಿತು, ಒಡೆದರೆ ಮೊಮ್ಮಗಳ, ಯುಗಾದಿಯ ಹೊತ್ತಿಗೆ ಬಿದ್ದ ಅಕ್ಕಿಕಾಳಿನಂಥ ಹಲ್ಲು. ಇನ್ನೊಂದರಲ್ಲೂ ಅದೇ. ತನ್ನ ಮಕ್ಕಳ ಹಲ್ಲೆಲ್ಲ ಹಳೇ ಊರಿನ ಮಾಳಿಗೆಯ ಮೇಲೆ ಉಳಿದು ಈಗ ಹೊಳೆಯ ತಳದಲ್ಲಿವೆ. ಅವು ಇಲ್ಲಿ ಇರಲಿಲ್ಲವಲ್ಲ ಎಂದು ಒಂದು ಕಡೆ ಸಂಕಟ, ಹುಡುಕುವ ಕೆಲಸ ಕಡಿಮೆಯಾಯಿತಲ್ಲ ಎಂದು ಇನ್ನೊಂದು ಕಡೆ ಸಮಾಧಾನ.

ಮೂರನೇ ದಿನ ಬಿಸಿಲು ನೆತ್ತಿಗೆ ಬಂದಾಗ ಭುವನೇಶ್ವರಿ ನೀರಿನ ತಂಬಿಗೆ ಹಿಡಿದು ಮೇಲೆ ಬಂದಳು.

"ಅತ್ತಿ, ಸಾಕು ಇಳೀರಿ. ಬಿದ್ದ ಗಿದ್ದೀರಿ. ಡಾಕ್ಟರು ಹೊಸದ ಮಾಡ್ತಾರಂತಲ್ಲ."

"ಹೊಸದು ಬ್ಯಾಡ. ನನಗ ನಿಂದ ಬೇಕು," ಎಂದಳು ಶಂಕ್ರೆವ್ವ. ತಂಬಿಗೆ ತಗೊಂಡಳು, ಕುಡಿಯಲಿಲ್ಲ. "ಹಿಡಕಿ ಬಿಟ್ಟಾಕಿ ನಾನ. ಇಲ್ಲಿ ಒಗದಾಕಿನೂ ನಾನ. ತಪ್ಪಾತವಾ ನಂದು."

ಭುವನೇಶ್ವರಿ ಅಲ್ಲೇ ಕೂತಳು. ಆ ಮನೆಯಲ್ಲಿ ಹತ್ತು ವರ್ಷದಲ್ಲಿ ಕೇಳದ ಮಾತು ಅದು. ಅವಳ ಕಣ್ಣು ತುಂಬಿತು. "ಬೋರಿಂಗ ಬಡಿದಿದ್ದಕ್ಕ ನೀವೇನ ಮಾಡ್ತೀರಿ? ನಾ ಎಂದರ ನಿಮ್ಮ ಮ್ಯಾಲ ತಪ್ಪ ಹಾಕೇನೇನ್ರಿ?"

"ಹಾಕಿದ್ರ ಛಲೋ ಇತ್ತು. ಹಾಕಲಿಲ್ಲ ನೋಡು, ಅದ ತಿನ್ನಾಕತ್ತೇತಿ ನನ್ನ."

ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಶಂಕ್ರೆವ್ವ ಮಾಳಿಗೆಯ ಇಳಿಜಾರನ್ನು ನೋಡುತ್ತ ಕೇಳಿದಳು. "ಕಾಮನ ಹುಣ್ಣಿವಿ ಆದ ಮ್ಯಾಲ ಒಂದು ಆಣಿಕಲ್ಲ ಮಳಿ ಬಡೀತಲ್ಲ?"

"ಹೌದ್ರಿ."

"ಹಂಗಾದ್ರ ಸಗಣಿ ಕರಗೇತಿ. ನೀರ ಎತ್ತ ಹೋಗತೈತೋ ಹಲ್ಲೂ ಅತ್ತ. ನೀರ ಒಯ್ದಿದ್ದು ಎಲ್ಲಿ ಇಡತೈತಿ ಅಂತ ಕೊಲ್ಹಾರದಾಕಿಗೆ ಗೊತ್ತಿಲ್ಲೇನ?"

ಮಾಳಿಗೆಯ ಮೂಲೆಯಲ್ಲಿ ಮಳೆನೀರು ಇಳಿಯಲು ತಗಡಿನ ಕೊಳವೆ ಇತ್ತು. ಅದರ ಬಾಯಲ್ಲಿ ಕೆಸರು ಒಣಗಿ, ಹೊಟ್ಟು, ಗುಬ್ಬಿಯ ಪುಕ್ಕ ಎಲ್ಲ ಕಟ್ಟಿಕೊಂಡಿತ್ತು. ಶಂಕ್ರೆವ್ವ ಮೊಣಕಾಲೂರಿ ಎರಡು ಬೆರಳು ಒಳಗೆ ಹಾಕಿ ಕೆದರಿದಳು. ಹೆಂಟೆಯೊಂದು ಕೈಗೆ ಬಂತು. ಒಡೆದಳು. ಮಣ್ಣಿನ ನಡುವೆ ಕಂದು ಗೆರೆ ಕಾಣಿಸಿತು.

"ಸಿಕ್ತು! ಭುವನಾ, ಸಿಕ್ತವಾ!" ಎಂದು ಅವಳು ಕೂಗಿದ್ದು ಮೂರು ಮನೆಗಲ್ಲ, ಇಡೀ ಓಣಿಗೆ ಕೇಳಿತು.

ಕಾಸಿ ಆರಿಸಿದ ನೀರು ತುಂಬಿದ ಸಣ್ಣ ಮೊಸರಿನ ಗಡಿಗೆಯಲ್ಲಿ ಹಲ್ಲು ಬಾಗೇವಾಡಿಗೆ ಹೋಯಿತು. ಬಹಳ ಒಣಗಿದೆಯೆಂದು ಡಾಕ್ಟರ್ ಅದನ್ನು ಎರಡು ದಿನ ಔಷಧದ ನೀರಿನಲ್ಲಿ ನೆನೆಸಿಟ್ಟ. ಮೂರನೇ ದಿನ ಭುವನೇಶ್ವರಿಯನ್ನು ಕುರ್ಚಿಯಲ್ಲಿ ಮಲಗಿಸಿದ. ಬೇರನ್ನು ಕತ್ತರಿಸಿ, ಒಳಗಿನದನ್ನು ಬಳಿದು ತೆಗೆದು, ತೂತನ್ನು ಕಂಪೋಸಿಟ್‌ನಿಂದ ತುಂಬಿ ನಯ ಮಾಡಿದ. ಅಕ್ಕಪಕ್ಕದ ಹಲ್ಲುಗಳ ಬೆನ್ನಿಗೆ ಔಷಧ ಹಚ್ಚಿ, ತೊಳೆದು, ಗಾಳಿ ಊದಿ ಒಣಗಿಸಿದ. ಹಲ್ಲನ್ನು ಅದರ ಹಳೆಯ ಜಾಗದಲ್ಲಿ, ಹಳೆಯ ಹಾಗೇ ಒಂದಿಷ್ಟು ಏರಿಸಿ ನಿಲ್ಲಿಸಿ, ಹಿಂದೆ ಗಾಜಿನೆಳೆಯ ಪಟ್ಟಿ ಒತ್ತಿ, ನೀಲಿ ಲೈಟು ಹಿಡಿದ.

"ಆಯಿ, ಲೈಟ್ ನೋಡಬ್ಯಾಡ್ರಿ, ಕಣ್ಣಿಗೆ ಛಲೋ ಅಲ್ಲ."

ಶಂಕ್ರೆವ್ವ ಸೆರಗು ಮುಖಕ್ಕೆ ಎಳೆದುಕೊಂಡಳು. ಸೆರಗಿನ ಸಂದಿಯಿಂದ ನೋಡದೆ ಇರಲೂ ಆಗಲಿಲ್ಲ.

ಒಂದೂವರೆ ತಾಸಿನ ಮೇಲೆ ಡಾಕ್ಟರ್ ಬೆನ್ನು ನೆಟ್ಟಗೆ ಮಾಡಿದ. "ಆತ್ರಿ. ಗಟ್ಟಿ ಪದಾರ್ಥ ಈ ಹಲ್ಲಿಲೆ ಕಡೀಬ್ಯಾಡ್ರಿ."

"ಗಟ್ಟಿ ಏನ ತಿಂತೇವಪ್ಪಾ ನಾವು? ಬರೇ ರೊಟ್ಟಿ," ಎಂದಳು ಶಂಕ್ರೆವ್ವ.

"ಎಂಥಾ ರೊಟ್ಟಿ ಆಯಿ?"

"ಜ್ವಾಳದ್ದು. ಒಣಗಿಸಿದ್ದು. ತಿಂಗಳಗಟ್ಟಲೆ ಇಡತೇವಲ್ಲ, ಕಟಕ ರೊಟ್ಟಿ."

ಈ ಸಲ ಡಾಕ್ಟರ್ ನಕ್ಕ. "ಅದ ರೊಟ್ಟಿ ತಿಂದ ಬೆಳದೇನಿ ನಾನೂ. ಅದಕ್ಕ ಹೇಳಾಕತ್ತೇನಿ. ಮುರದು, ಒಳಗಿನ ಹಲ್ಲಿಗೆ ಹಾಕ್ಕೋರಿ. ಕಬ್ಬಂತೂ ಸಿಗಿಯಾಕ ಹೋಗಬ್ಯಾಡ್ರಿ. ಆರು ತಿಂಗಳಿಗೊಮ್ಮೆ ಬಂದು ತೋರಿಸ್ರಿ. ಕಿತ್ತರ ಮತ್ತ ಅಂಟಸೂನು, ಅಂಜಬ್ಯಾಡ್ರಿ."

ಶಂಕ್ರೆವ್ವ ಚೀಲದಿಂದ ಒಂದು ಗಡಿಗೆ ಮೊಸರು ತೆಗೆದು, ಅದನ್ನು ಅವನ ಕೈಯಲ್ಲೇ ಇಟ್ಟಳು. ಆಮೇಲೆ ಕತ್ತರಿಸಿದ ಬೇರನ್ನು ಕೇಳಿ ಕಾಗದದಲ್ಲಿ ಕಟ್ಟಿಸಿಕೊಂಡಳು.

ಭುವನೇಶ್ವರಿ ಕನ್ನಡಿಯಲ್ಲಿ ನೋಡಿಕೊಂಡಳು. ಹಲ್ಲು ಇತ್ತು, ಏರಿ ಕೂತಿತ್ತು, ಗೆರೆಯೂ ಇತ್ತು. "ನಂದ ಐತಿ," ಎಂದಳು ಮೆಲ್ಲಗೆ. ಕಣ್ಣಲ್ಲಿ ನೀರು ಬಂತು. ನಗೆ ಬರಲಿಲ್ಲ. ಕೈ ತಾನಾಗಿ ಸೆರಗು ಹುಡುಕಿ ಬಾಯಿಗೆ ಹೋಯಿತು.

ಬಸ್ಸಿನಲ್ಲಿಯೂ ಸೆರಗು ಇಳಿಯಲಿಲ್ಲ. ಪಕ್ಕದಲ್ಲಿ ಕೂತ ಶಂಕ್ರೆವ್ವ ಅದನ್ನೇ ನೋಡುತ್ತಿದ್ದಳು. ಹಲ್ಲು ಡಾಕ್ಟರ್ ಕೂರಿಸಿದ. ಬಾಯಿ ಮುಚ್ಚಿದ್ದು ಹಲ್ಲೊಂದೇ ಅಲ್ಲವಲ್ಲ. ಹತ್ತು ವರ್ಷ ದಿನಕ್ಕೆ ನಾಲ್ಕು ಸಲ ಮುಚ್ಚು ಎಂದ ಮಾತನ್ನು ಯಾವ ದವಾಖಾನೆಯಲ್ಲಿ ಕೀಳಿಸುವುದು? ದಾರಿಯುದ್ದಕ್ಕೂ ಅವಳಿಗೆ ಇದೇ ಚಿಂತೆ.

ಮನೆ ಮುಟ್ಟಿದವಳೇ ಶಂಕ್ರೆವ್ವ ಕೊಟ್ಟಿಗೆಗೆ ಹೋಗಿ ಸಗಣಿ ತಂದಳು.

"ಏನ ಮಾಡ್ತೀರಿ ಅತ್ತಿ?"

"ಬೇರು ಮ್ಯಾಲ ಒಗೀತೇನಿ. ಹಳೇದು ಮ್ಯಾಲ ಹೋಗದಿದ್ರ ಹೊಸದು ನಿಲ್ಲೂದಿಲ್ಲ." ಬೇರನ್ನು ಸಗಣಿಯಲ್ಲಿಟ್ಟು ದೊಡ್ಡ ಉಂಡೆಯನ್ನೇ ಕಟ್ಟಿದಳು. ಅಂಗಳದ ನಡುವೆ ನಿಂತು, ದೇವರನ್ನು ನೆನೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದಳು. ಮೂರು ದಿನ ಕುಳ್ಳು ಎತ್ತಿ ಸೋತ ತೋಳು. ಉಂಡೆ ಮಾಳಿಗೆ ಮುಟ್ಟಲಿಲ್ಲ. ಬಾಗಿಲ ಮೇಲಿನ ತೊಲೆಗೆ ಬಡಿದು ಕೆಳಗೆ ಬಂತು. ಅದೇ ಹೊತ್ತಿಗೆ ಒಳಗಿನಿಂದ, ಹೆಂಡತಿಯ ಹಲ್ಲು ನೋಡುವ ಅವಸರದಲ್ಲಿ, ಶ್ರೀಶೈಲ ಹೊರಗೆ ಬಂದ. ಅಂಗಿ ಉಲ್ಟಾ ಇತ್ತು. ಉಂಡೆ ಅವನ ಬಿಳಿ ಟೋಪಿಯ ನಟ್ಟನಡುವೆ ಕೂತಿತು.

ಶ್ರೀಶೈಲ ಅಲುಗಾಡಲಿಲ್ಲ. ಕಣ್ಣಷ್ಟೇ ಮೇಲೆ ಮಾಡಿ ಕೇಳಿದ. "ಏನ ಬಿತ್ತಬೇ ಯವ್ವಾ?"

ಭುವನೇಶ್ವರಿಯ ಹೊಟ್ಟೆಯೊಳಗೆ ಏನೋ ಏಳುತ್ತಿರುವುದು ಅವಳ ಭುಜದಲ್ಲೇ ಕಂಡಿತು. ಕೈ ಸೆರಗು ಹಿಡಿದು ಅರ್ಧದವರೆಗೆ ಬಂತು. ಶಂಕ್ರೆವ್ವ ಸಗಣಿಗೈಯಲ್ಲೇ ಆ ಮುಂಗೈಯನ್ನು ಗಪ್ಪನೆ ಹಿಡಿದಳು.

"ಮುಚ್ಚಬ್ಯಾಡ!" ಎಂದಳು. "ಕೈ ತಗಿ ನನ್ನವ್ವಾ. ನಗು."

ಭುವನೇಶ್ವರಿ ನಕ್ಕಳು. ಮೂರು ತಿಂಗಳ ನಗೆಯೆಲ್ಲ ಒಟ್ಟಿಗೇ ಬಂತು. ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಕೂತೇಬಿಟ್ಟಳು. ಏರಿ ಕೂತ ಆ ಹಲ್ಲು ಎಲ್ಲಕ್ಕಿಂತ ಮುಂದೆ ಬಂದು ಕಾಣಿಸಿತು. ಹಿತ್ತಲಲ್ಲಿ ಎಮ್ಮೆ ಮೇವು ಬಿಟ್ಟು ತಲೆ ಎತ್ತಿತು. ಶ್ರೀಶೈಲನೂ ನಕ್ಕ. ಬಾಯಲ್ಲಿ ಮೂರೇ ಹಲ್ಲು ಉಳಿದಿದ್ದ ಶಂಕ್ರೆವ್ವ ಮೂರನ್ನೂ ತೋರಿಸಿ ನಕ್ಕಳು.

ಗೋಡೆಯಾಚೆಯಿಂದ ಬಿಬಿಜಾನ ಕೂಗಿದಳು. "ಶಂಕ್ರೆವ್ವಾ! ನಿನ್ನ ಸೊಸಿ ನಗೂದು ಮೂರು ಮನಿಗೆ ಕೇಳಾಕತ್ತೈತಿ!"

"ಮೂರ ಮನಿಗೇನ?" ಎಂದು ಶಂಕ್ರೆವ್ವ ಕಣ್ಣೊರೆಸಿಕೊಳ್ಳುತ್ತ ತಿರುಗಿ ಕೂಗಿದಳು. "ನಾಕನೇ ಮನಿಗೆ ಯಾಕ ಕೇಳವಲ್ದು? ಭುವನಾ, ಇನ್ನೊಂದಿಷ್ಟು ಜೋರ ನಗವಾ."